ಎಡೆಯಲ್ಲಿ ಉಳಿದದ್ದು

“ಬ್ಯಾಗ್ ಎತ್ಕಳೆ. ಹಸ ಕರಿಯಕ್ಕೆ ಕೂರಕ್ಕಾಗ್ದೋಳು ಇಲ್ಲಿದ್ದು ಏನ್ ಮಾಡೀಯೆ? ನಿಮ್ಮವ್ವನ ಮನೇಲಿ ಕಾಲು ನೀಡ್ಕಂಡು ಕೂತ್ಕೊ.”

ಸಂತೆಬಾಚಹಳ್ಳಿಯ ಆ ಮನೆಯ ಬಾಗಿಲಲ್ಲಿ ಅತ್ತೆ ಪುಟ್ಟಗೌರಮ್ಮ ಹೀಗೆಂದಾಗ ಅರ್ಪಿತ ಗಂಡನ ಮುಖ ನೋಡಿದಳು. ಲೋಕೇಶ ಹಾಲಿನ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತಾ ನಿಂತಿದ್ದ... ಅದು ಆಗಲೇ ಬಿಗಿಯಾಗಿತ್ತು. ಅವಳ ಬಲಮಂಡಿ ಊದಿ ಮಡಚಲು ಬರುತ್ತಿರಲಿಲ್ಲ. ಹಿಮ್ಮಡಿ ಊರಿದರೆ ಪ್ರಾಣ ಹೋದಂತಾಗುತ್ತಿತ್ತು, ಕಣ್ಣು ಕೆಂಪಗಾಗಿತ್ತು. ಬಿದ್ದಿಲ್ಲ, ಏಟಾಗಿಲ್ಲ, ಹಾಗಾಗಿ ಮನೆಯವರ ಪಾಲಿಗೆ ಅದು ನಾಟಕ. ಒಮ್ಮೆ ತವರಿಗೆ ಬಿಟ್ಟರೆ ಕರೆಯಲು ಈ ಗಂಡ ಬರುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬೀಗರಿಗೆ ತಾನೇ ಒಪ್ಪಿಸಿ ಬರುತ್ತೇನೆಂದು ಅತ್ತೆಯೂ ಹೊರಟಳು. ಕೃಷ್ಣರಾಜಪೇಟೆಯಲ್ಲಿ, ತವರೂರು ಪಾಂಡವಪುರದ ಬಸ್ಸು ಹತ್ತಲಾಗದೆ ಅರ್ಪಿತ ಕಂಬಿ ಹಿಡಿದು ಕುಸಿದಳು.

“ಏನವ್ವಾ, ಮೊದ್ಲು ಡಾಕ್ಟ್ರಿಗೆ ತೋರ್ಸು. ದಾರೀಲಿ ಹೆಚ್ಚುಕಮ್ಮಿ ಆದ್ರೆ ನನ್ ತಲೆಗ್ ಬತ್ತದೆ,” ಎಂದ ಕಂಡಕ್ಟರು. ಜನ ನೋಡುತ್ತಿದ್ದರು. ಪುಟ್ಟಗೌರಮ್ಮ ವಿಧಿಯಿಲ್ಲದೆ ಸೊಸೆಯ ತೋಳು ಹಿಡಿದಳು.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಂಡಿ ಮುಟ್ಟಿ, ಕಣ್ಣು ನೋಡಿ, ಬೇರೆಯೇ ಏನೋ ಕೇಳಿದಳು. “ಇದಕ್ಕೆ ಮುಂಚೆ ಭೇದಿ, ಜ್ವರ, ಉಚ್ಚೆ ಉರಿ ಏನಾದ್ರೂ ಇತ್ತಾ?”

ಅರ್ಪಿತ ತಲೆ ತಗ್ಗಿಸಿದಳು. ಹೆಣ್ಣುಮಕ್ಕಳು ನೋವನ್ನು ಹೇಳುವ ಹೊತ್ತಿಗೆ ಅದು ಅರ್ಧ ಹಳೆಯದಾಗಿರುತ್ತದೆ. “ಪಿತೃಪಕ್ಷ ಆದ್ಮೇಲೆ ಭೇದಿ ಆಗಿತ್ತು. ಎಡೇಲಿ ಉಳಿದಿದ್ದ ಬಾಡಿನ ಸಾರು ಮಾರನೇ ದಿನ ತಿಂದಿದ್ದೆ.”

“ಮನೇಲಿ ಬೇರೆ ಯಾರಿಗೂ ಆಗ್ಲಿಲ್ವಾ?”

“ಅವರ‍್ಯಾರೂ ತಿನ್ನಲಿಲ್ಲ...”

“ಹೊಟ್ಟೆಯ ಸೋಂಕಿನ ಜೊತೆ ಮೈ ಕಾದಾಡ್ತು. ಸೋಂಕು ಹೋದ್ರೂ ಕಾದಾಟ ನಿಂತಿಲ್ಲ, ಕೀಲು ಊದಿದೆ. ರಕ್ತ, ಮಂಡಿಯ ನೀರು ಪರೀಕ್ಷೆ ಮಾಡಿಸೋಣ. ಕಣ್ಣಿನ ಡಾಕ್ಟ್ರಿಗೂ ತೋರಿಸಿ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಇಳಿಯುತ್ತೆ.”

“ಹಂಗಾರೆ ನಾಟ್ಕ ಅಲ್ವಾ?” ಪುಟ್ಟಗೌರಮ್ಮನ ದನಿ ಸಣ್ಣಗಾಗಿತ್ತು.

“ಊತಕ್ಕೆ ನಾಟಕ ಬರಲ್ಲಮ್ಮ.”

ಪುಟ್ಟಗೌರಮ್ಮನಿಗೆ ನೆನಪಾಯಿತು: ಹಿರಿಯರ ಎಡೆ ಚೆಲ್ಲಬಾರದು, ತಿನ್ನೆ ಎಂದು ಸೊಸೆಯ ತಟ್ಟೆಗೆ ಸುರಿದವಳು ತಾನೇ! ನಿಲ್ದಾಣಕ್ಕೆ ಮರಳಿದಾಗ ಪಾಂಡವಪುರದ ಇನ್ನೊಂದು ಬಸ್ಸು ಹೊರಟರೂ ಅವಳು ಅತ್ತ ನೋಡಲಿಲ್ಲ. “ನಡಿ, ಹಾಲಿನ ಹೊತ್ತಾಯ್ತು,” ಎಂದು ಬ್ಯಾಗನ್ನು ತಾನೇ ಎತ್ತಿಕೊಂಡಳು.

ಆ ಸಂಜೆ ಹಸು ಕರೆದವಳು ಅತ್ತೆ. ಎಲ್ಲರ ಊಟ ಮುಗಿಯಲೆಂದು ಅರ್ಪಿತ ಎಂದಿನಂತೆ ಗೋಡೆಗೊರಗಿ ಕಾಯುತ್ತಿದ್ದಳು. ಪುಟ್ಟಗೌರಮ್ಮ ಕುರ್ಚಿ ಎಳೆದು, ಬಿಸಿ ಮುದ್ದೆ, ಉಪ್ಸಾರು ಮೊದಲು ಅವಳಿಗೇ ಬಡಿಸಿದಳು.

“ನೀವು, ಅತ್ತೆ?”

“ನಂದಿದ್ದೇ ಅದೆ. ಈ ಮನೆಗೆ ಬಂದಾಗ್ಲಿಂದ ಉಳಿದಿದ್ದನ್ನ ಒಬ್ಳೇ ಉಂಡೋಳು ನಾನು. ಉಂಡ್ಯಾ ಅಂತ ಒಬ್ರೂ ಕೇಳ್ಳಿಲ್ಲ ಕಣೆ...”

ಅವಳು ಒಳಗೆ ಹೋದಳು. ಅಡುಗೆಮನೆಯಿಂದ ಒಂದೇ ತಟ್ಟೆಯ ಸದ್ದು ಬಂತು. ಅರ್ಪಿತ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ತನ್ನ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಕುರ್ಚಿ ಎಳೆಯುತ್ತಾ, ಕುಂಟುತ್ತಾ ಆ ಬಾಗಿಲ ಕಡೆ ಹೊರಟಳು.