ಪುಷ್ಪಕ

ಉಳವಪ್ಪ ತನ್ನ ಮೂವತ್ತೆಂಟು ವರ್ಷದ ಆಯುಷ್ಯದಲ್ಲಿ ನಾಲ್ಕು ಜನರೆದುರು ನಿಂತು ಆಡಿದ ದೊಡ್ಡ ಮಾತು ಒಂದೇ ಒಂದು. ಆ ಮಾತು ಸತ್ಯವಾಗಿತ್ತು. ಅದನ್ನು ಯಾರೂ ನಂಬಲಿಲ್ಲ.

ತೊಂಬತ್ತೊಂದನೆಯ ಇಸವಿಯ ಮಾತು. ಮಳೆಗೆ ಹಳ್ಳ ಬಂದು ಸವದತ್ತಿಯ ರಸ್ತೆ ಕಟ್ಟಿದಾಗ, ಬಾಡಿಗೆ ಮುಗಿಸಿ ಖಾಲಿ ಜೀಪಿನಲ್ಲಿ ರಾಮದುರ್ಗಕ್ಕೆ ಮರಳುತ್ತಿದ್ದ ಉಳವಪ್ಪ ಹಟಕ್ಕೆ ಬಿದ್ದು ಹದ್ದಿನಗುಡ್ಡದ ಮೇಲೆಯೇ ಗಾಡಿ ಹತ್ತಿಸಿದ. ಡಾಂಬರು ರಸ್ತೆ ಆ ಗುಡ್ಡಕ್ಕೆ ಅಂಜಿದ ಹಾಗೆ ದೂರದಿಂದ ಸುತ್ತು ಹಾಕಿ, ಮುತ್ತಲಗಟ್ಟಿಯೆಂಬ ಊರಿನ ನಟ್ಟನಡುವೆ ಹಾದು, ಒಂದೂಕಾಲು ತಾಸು ತಿನ್ನುತ್ತದೆ. ಗುಡ್ಡದ ಮೇಲಾದರೋ ಕುರಿಯ ಜಾಡು ಬಿಟ್ಟರೆ ಹಾದಿಯೆಂಬುದೇ ಇಲ್ಲ. ಬಂಡೆಯಿಂದ ಬಂಡೆಗೆ ಗಾಲಿ ಇಟ್ಟು ಅವನು ದಾಟಿ ಬಂದ. ಮರುದಿನ ಜೀಪ್ ಸ್ಟ್ಯಾಂಡಿನಲ್ಲಿ ಅದನ್ನು ಹೇಳಿದ.

ಸ್ಟ್ಯಾಂಡಿನಲ್ಲಿ ರಾಮಲಿಂಗಪ್ಪನ ಮಾತು ನಡೆಯುತ್ತಿತ್ತು. ಅವನಿಗೆ ಎರಡು ಜೀಪು, ಹದ್ದಿನಗುಡ್ಡದ ಮೇಲೆ ಒಂದು ಕಲ್ಲಿನ ಖಣಿ. ಗುಡ್ಡ ತನ್ನ ಮನೆಯ ಹಿತ್ತಲೆಂಬಂತೆ ಅವನು ಮಾತಾಡುತ್ತಿದ್ದ.

"ಜೀಪ ಗುಡ್ಡಾ ಹತ್ತಿತ್ತಂತೀ. ಹತ್ತಿತ್ತೋ, ಹಾರಿತ್ತೋ?" ಎಂದು ಕೇಳಿದ. ಎಲೆಗೆ ಸುಣ್ಣ ಸವರಿ ಮಡಚಿ ತಾನೇ ಉತ್ತರ ಕೊಟ್ಟ: "ಹಾರಿರಬೇಕ ಬಿಡ್ರೆಪಾ. ಅದು ಜೀಪ ಅಲ್ಲ, ಪುಷ್ಪಕ."

ಅಂದಿನಿಂದ ಉಳವಪ್ಪನ ಹೆಸರು ಪುಷ್ಪಕ. ಸಾಲಿ ಬಿಟ್ಟು ಬರುವ ಹುಡುಗರು ಕೂಡ "ಪುಷ್ಪಕಾ, ಲಂಕಾಕ್ಕ ಒಂದ ಸೀಟ ಐತೇನೋ?" ಎಂದು ಕೂಗಿ ಓಡುತ್ತಿದ್ದರು. ಅಷ್ಟಕ್ಕೇ ಮುಗಿದಿದ್ದರೆ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ತಂಗಿ ಗಂಗಾಳನ್ನು ನೋಡಲು ಬೈಲಹೊಂಗಲದಿಂದ ಬಂದ ಬೀಗರು ಬಸ್ಸಿಳಿದು ಮನೆಯ ಗುರುತು ಕೇಳಿದ್ದು ರಾಮಲಿಂಗಪ್ಪನನ್ನೇ.

"ಬರ್ರಿ, ನಾನ ತೋರಸ್ತೇನಿ. ಮನಿತನ ಚಲೋನ ಐತ್ರಿ. ಆದ್ರ ಆ ಮನ್ಯಾಗ ಹೇಳಿದ ಮಾತಿನಾಗ ಅರ್ಧಾ ಗಾಳಿಗೆ ಬಿಟ್ಟು ಉಳದದ್ದ ಹಿಡೀರಿ."

ನಗುತ್ತಲೇ ಹೇಳಿದ್ದ. ಬೀಗರು ಅವಲಕ್ಕಿ ತಿಂದು ಎದ್ದು ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ. ಮುಂದಿನ ವರ್ಷ ಗಂಗಾ ಸಂಪಗಾವಿಯ ಎರಡು ಮಕ್ಕಳ ವಿಧುರನ ಮನೆ ಸೇರಿದಳು. ಮದುವೆಯ ದಿನ ಅಣ್ಣನ ಮುಖ ನೋಡಿ ಅವಳು ಏನೋ ಕೇಳಬೇಕೆಂದು ಬಾಯಿ ತೆರೆದು, ಕೇಳದೆ ಬಂಡಿ ಹತ್ತಿದ್ದಳು.

ಆರು ವರ್ಷ ಉಳವಪ್ಪ ಆ ನಗೆಯನ್ನು ಹೊತ್ತು ತಿರುಗಿದ. ತೊಂಬತ್ತೇಳರ ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಾನೆ, ಜೀಪಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಾಗ, ಆ ನಗೆ ತಾನು ಮರೆಯಾಗಿ ನಿಲ್ಲುವ ಗೋಡೆಯಾಗಬಲ್ಲದೆಂದು ಅವನಿಗೆ ಹೊಳೆಯಿತು. ಹದ್ದಿನಗುಡ್ಡವನ್ನು ಜೀಪು ದಾಟಲಾರದೆಂದು ಆಣೆ ಮಾಡಿ ಹೇಳಲು ಇಡೀ ರಾಮದುರ್ಗ ತಯಾರಿತ್ತು. ಅಷ್ಟು ಸಾಕ್ಷಿಗಳನ್ನು ಒಟ್ಟು ಮಾಡಿಕೊಟ್ಟವನು ರಾಮಲಿಂಗಪ್ಪನೇ.

ಉಳವಪ್ಪ ಅವಸರ ಮಾಡಲಿಲ್ಲ. ಖಣಿ ಇದ್ದದ್ದು ಗುಡ್ಡದ ನೆತ್ತಿಗಿಂತ ತುಸು ಕೆಳಗೆ. ಅಲ್ಲಿಗೆ ರಾಮದುರ್ಗದ ಕಡೆಯಿಂದ ಒಂದೇ ಲಾರಿ ಹಾದಿ. ಅದರ ಬುಡದಲ್ಲಿ ಸರಪಳಿ ಕಟ್ಟಿ ಒಬ್ಬ ಕಾವಲುಗಾರ ಕೂತಿರುತ್ತಿದ್ದ. ಅವನ ಕಣ್ಣು ತಪ್ಪಿಸಿ ಆಡು ಸಹ ಹೋಗುವಂತಿರಲಿಲ್ಲ. ಒಳ್ಳೆಯದೇ ಆಯಿತು. ಯಾವ ಗಾಡಿಯೂ ಹೋಗಲಿಲ್ಲ ಎಂದು ಅವನೂ ಹೇಳುತ್ತಾನೆ. ಮಂಗಳವಾರ ಖಣಿಗೆ ರಜೆ. ಅಂದು ಮಧ್ಯಾಹ್ನ ರಾಮಲಿಂಗಪ್ಪ ಒಬ್ಬನೇ ಫಟಫಟಿ ಹತ್ತಿ ಹೋಗಿ ಖಣಿಯ ನಾಯಿಗೆ ರೊಟ್ಟಿ ಹಾಕಿ ಬರುತ್ತಿದ್ದ. ಕುರಿಯವರ ಚಿಂತೆಯಿರಲಿಲ್ಲ. ಬಿಸಿಲು ಏರಿದ ಮೇಲೆ ಅವರೆಲ್ಲ ಹಸಿರು ಹುಡುಕಿಕೊಂಡು ಕಿತ್ತೂರಿನ ಕಡೆ ಹೊರಟುಹೋಗಿದ್ದರು.

ಮೂರು ವಾರ ಉಳವಪ್ಪ ಡಾಂಬರು ರಸ್ತೆಗೆ ಕಾಲಿಡಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿದ್ದೇನೆಂದು ಸ್ಟ್ಯಾಂಡಿಗೆ ಹೇಳಿ ಕಳಿಸಿ, ಹೊಲದ ಮನೆಯಲ್ಲಿ ಉಳಿದು, ದಿನಕ್ಕೊಂದು ತುಂಡಿನಂತೆ ಗುಡ್ಡವನ್ನು ಬಾಯಿಪಾಠ ಮಾಡಿದ. ಮೆತ್ತನ್ನ ಮಣ್ಣಿರುವ ಕಡೆ ಗಾಲಿ ಇಡಬಾರದು, ಹಾಸುಗಲ್ಲಿನ ಮೇಲೆಯೇ ಹೋಗಬೇಕು, ಕಲ್ಲಿನ ಮೇಲೆ ಗುರುತು ಮೂಡುವುದಿಲ್ಲ.

ಹೇಳಬೇಕಾದ ಸುಳ್ಳನ್ನೂ ಅವನು ಹಾದಿಯಷ್ಟೇ ಜೋಪಾನವಾಗಿ ಕಟ್ಟಿದ. ಬರೇ "ರಸ್ತೆ ಹಿಡಿದು ಬಂದೆ" ಎಂದರೆ ಪೊಲೀಸರು ನಂಬರು. ಹಾದಿಯಲ್ಲಿ ಬಂದವನ ಕಣ್ಣು ಕಿವಿಗೆ ಏನಾದರೂ ಅಂಟಿಕೊಂಡಿರಬೇಕು. ಮನುಷ್ಯರ ಹೆಸರು ಹೇಳಬಾರದು, ಮನುಷ್ಯರು ಇಲ್ಲವೆನ್ನಬಹುದು. ಬಸ್ಸಿನ ಮಾತು ಬೇಡ, ಬಸ್ಸು ಕೆಟ್ಟು ನಿಂತಿರಬಹುದು. ಮುತ್ತಲಗಟ್ಟಿಯ ಹಿಟ್ಟಿನ ಗಿರಣಿ ಮಾತ್ರ ಹದಿನೈದು ವರ್ಷದಿಂದ ಮಧ್ಯಾಹ್ನ ಒಮ್ಮೆಯೂ ಬಾಯಿ ಮುಚ್ಚಿದ್ದನ್ನು ಅವನು ಕಂಡಿರಲಿಲ್ಲ. ಅದು ಕರೆಂಟಿನ ಗಿರಣಿಯಾಗಿದ್ದರೆ ಬಿಟ್ಟುಬಿಡುತ್ತಿದ್ದ. ದಿನಕ್ಕೆ ಆರು ತಾಸು ಕರೆಂಟು ಇರದ ಕಾಲ. ಆದರೆ ಅದು ಓಡುವುದು ಡೀಸೆಲ್ ಇಂಜಿನ್ನಿನಿಂದ. ಇಷ್ಟನ್ನು ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಗೌರವ ಬಂತು.

ಏಪ್ರಿಲ್ ತಿಂಗಳ ಆ ಮಂಗಳವಾರ ಸವದತ್ತಿಯಿಂದ ಬೈಲಹೊಂಗಲಕ್ಕೆ ಒಂದು ನಿಬ್ಬಣದ ಬಾಡಿಗೆ ಒಪ್ಪಿಕೊಂಡಿದ್ದ. ಮದುವೆಯವರು ಹನ್ನೆರಡೂವರೆಗೆ ಸ್ಟ್ಯಾಂಡಿನಲ್ಲಿ ಇರುತ್ತೇವೆಂದಿದ್ದರು. ಹನ್ನೊಂದಕ್ಕೆ ರಾಮದುರ್ಗ ಸ್ಟ್ಯಾಂಡಿನ ಮುಂದೆ ಜೀಪು ನಿಲ್ಲಿಸಿ, ಬೇಕಿಲ್ಲದಿದ್ದರೂ ಹಾರ್ನ್ ಹೊಡೆದ. ಪಾಳಿ ಕೂಗುವ ಶಂಕರೆಪ್ಪ ಹೊರಗೆ ಬಂದ.

"ಏನೋ ಪುಷ್ಪಕ, ರಿಪೇರಿ ಆತೇನೋ? ರೆಕ್ಕಿ ಹಚ್ಚಿಸಿದೇನ?"

"ಹನ್ನೊಂದ ಆತೇನ್ರಿ ಕಾಕಾ?" ಎಂದು ಉಳವಪ್ಪ ಕೇಳಿದ.

"ಬರೋಬರಿ ಹನ್ನೊಂದು. ಯಾಕ, ಲಂಕಾದ ಗಾಡಿ ಟೈಮಕ್ಕ ಬಿಡಬೇಕೇನ?"

ಜೀವನದಲ್ಲಿ ಮೊದಲ ಸಲ ಆ ಮಾತು ಅವನಿಗೆ ಸಿಹಿಯೆನಿಸಿತು.

ಊರು ಮರೆಯಾಗಿ ಒಂದು ಮೈಲಿ ಕಳೆದ ಮೇಲೆ ಜಾಲಿಗಿಡಗಳ ನಡುವೆ ಜೀಪು ಇಳಿಸಿದ. ಪಕ್ಕದ ಕನ್ನಡಿ ಬಿಚ್ಚಿ ಸೀಟಿನ ಕೆಳಗಿಟ್ಟ. ಮಿಲಿಟರಿ ಹರಾಜಿನಲ್ಲಿ ಕೊಂಡ ಗಾಡಿ ಅದು, ಮುಂದಿನ ಗಾಲಿಗಳಿಗೂ ಕಸುವು ಕೊಡುವ ಸಣ್ಣ ಗೇರಿತ್ತು. ಅದನ್ನು ಎಳೆದು ಹತ್ತಿಸತೊಡಗಿದ. ಮೊದಲ ಹಾಸುಗಲ್ಲು ಮಾಳಿಗೆಯ ನಿಚ್ಚಣಿಕೆಯಷ್ಟು ಕಡಿದು. ಬಾನೆಟ್ಟು ಮೇಲೆದ್ದು ಕಣ್ಣಿಗೆ ಆಕಾಶ ಮಾತ್ರ ಕಾಣುತ್ತಿತ್ತು. ಕಲ್ಲಿನ ಕಾವು ಪಾದದಡಿಯ ತಗಡಿನಿಂದ ಹತ್ತಿ ಮೊಣಕಾಲು ಸುಡುತ್ತಿತ್ತು. ಎರಡು ಬಂಡೆಗಳ ನಡುವಿನ ಇರುಕಿನಲ್ಲಿ ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಬೆರಳು ಜಾಗ. ತಗಡು ಒಮ್ಮೆ ಕಿರ್ರೆಂದಿತು, ಅಷ್ಟೇ. ಅದರಾಚೆ ಬಂಡೆಯ ತುಟಿ. ಎಡಗಾಲಿಗಳು ಕಲ್ಲಿನ ಮೇಲೆ, ಬಲಗಾಲಿಗಳ ಅರ್ಧ ಗಾಳಿಯ ಮೇಲೆ. ಕೆಳಗೆ ಇನ್ನೂರು ಅಡಿ ಆಳದಲ್ಲಿ ಪಾಪಸುಕಳ್ಳಿ, ದೂರದಲ್ಲಿ ತೊರಗಲ್ ಕೋಟೆಯ ಗೋಡೆ, ಅದರಾಚೆ ಬೇಸಿಗೆಯ ಮಲಪ್ರಭೆ ಒಣಗಿದ ಹಾವಿನ ಪೊರೆಯ ಹಾಗೆ ಬಿದ್ದಿತ್ತು. ಬಿಸಿಗಾಳಿ ಜೀಪಿನ ತಾಡಪತ್ರಿ ಹಿಡಿದು ಜಗ್ಗುತ್ತಿತ್ತು. ಬ್ರೇಕು ತುಳಿದರೆ ಜಾರುತ್ತದೆ, ತುಳಿಯದಿದ್ದರೆ ಉರುಳುತ್ತದೆ. ತುಳಿದೂ ತುಳಿಯದಂತೆ ಕಾಲಿಟ್ಟುಕೊಂಡು ಅವನು ದಾಟಿದ. ಈ ಸೀಮೆಯಲ್ಲಿ ಇನ್ನೊಬ್ಬನು ಮಾಡಲಾರದ್ದನ್ನು ಮಾಡಿದ್ದೇನೆಂಬುದು ಅವನಿಗೆ ಗೊತ್ತಿತ್ತು. ಅದನ್ನು ಸಾಯುವತನಕ ಯಾರಿಗೂ ಹೇಳುವಂತಿಲ್ಲವೆಂಬುದೂ.

ನೆತ್ತಿಯ ಮೇಲಿಂದ ಖಣಿಯತ್ತ ಇಳಿಯುವಾಗ ರಾಮಲಿಂಗಪ್ಪ ಸದ್ದು ಕೇಳಿ ಎದ್ದು ನಿಂತಿದ್ದ. ಕೈಯಲ್ಲಿ ಅರ್ಧ ರೊಟ್ಟಿ, ಕಾಲ ಬಳಿ ನಾಯಿ, ಬೆನ್ನ ಹಿಂದೆ ಕಲ್ಲು ತೆಗೆದು ಬಿಟ್ಟ ಆಳವಾದ ಗುಂಡಿಯಲ್ಲಿ ಹಸಿರು ನೀರು. ಜೀಪು ಬಂದ ದಿಕ್ಕನ್ನೂ ಜೀಪನ್ನೂ ಎರಡೆರಡು ಸಲ ನೋಡಿದ. ಐವತ್ತು ದಾಟಿದ ಆ ಮನುಷ್ಯನ ಮುಖ ಹುಡುಗನ ಮುಖದಂತಾಯಿತು.

"ಖರೇನ ಬಂದ್ಯಲ್ಲೋ ತಮ್ಮಾ," ಎಂದ. "ಈ ಕಲ್ಲಿನ್ಯಾಗ ನಾ ಇಪ್ಪತ್ತ ವರ್ಷಾ ತಿರಿಗೇನಿ. ಕಣ್ಣಲೆ ನೋಡೂತನಕ ನಂಬೂ ಮಾತಲ್ಲಿದು."

ಉಳವಪ್ಪ ಇಳಿದ. ಜಾಕಿನ ಸಲಾಕೆ ಅವನ ಬೆನ್ನ ಹಿಂದಿನ ಕೈಯಲ್ಲಿತ್ತು.

"ನಾ ತಪ್ಪ ಮಾಡಿದೆ," ಎಂದ ರಾಮಲಿಂಗಪ್ಪ. "ನಾಳೆ ಸ್ಟ್ಯಾಂಡಿನ್ಯಾಗ ನಾನ ನಿಂತ ಹೇಳತೇನಿ. ಎಲ್ಲಾರ ಮುಂದ."

ಒಂದು ಗಳಿಗೆ ಉಳವಪ್ಪನ ಬೆರಳು ಸಡಿಲಾದವು. ಇಷ್ಟಕ್ಕಾಗಿಯೇ ಅಲ್ಲವೇ ಆರು ವರ್ಷ? ರಾಮಲಿಂಗಪ್ಪ ಜೀಪಿನ ಸುತ್ತ ನಡೆದು, ಕಾದ ಬಾನೆಟ್ಟಿನ ಮೇಲೆ ಅಂಗೈ ಬಡಿದು, ಮನಸ್ಸು ತುಂಬಿ ನಕ್ಕ.

"ಖರೇನ ಪುಷ್ಪಕ ಐತಿದು."

ಅವನು ಬೆನ್ನು ತಿರುಗಿಸಿದ್ದ. ಉಳವಪ್ಪ ಒಂದೇ ಪೆಟ್ಟು ಹೊಡೆದ, ಬಿದ್ದವನನ್ನು ಗುಂಡಿಯ ಅಂಚಿಗೆ ಎಳೆದು ದೂಡಿದ. ನೀರು ಒಮ್ಮೆ ಬಾಯಿ ತೆರೆದು ಮುಚ್ಚಿತು. ನಾಯಿ ನೆಲಕ್ಕೆ ಬಿದ್ದ ರೊಟ್ಟಿಯನ್ನು ತಿನ್ನುತ್ತಿತ್ತು. ಸಲಾಕೆಯನ್ನೂ ಅದೇ ಗುಂಡಿಯ ಇನ್ನೊಂದು ಬದಿಗೆ ಬಿಟ್ಟು, ಅವನು ಸವದತ್ತಿಯ ಮಗ್ಗುಲಿಗೆ ಗಾಡಿ ಇಳಿಸಿದ. ರಸ್ತೆ ಸೇರುವ ಮುಂಚೆ ಕನ್ನಡಿ ಕೂಡಿಸಿ, ಬಂಪರಿಗೆ ಸಿಕ್ಕಿದ್ದ ಮುಳ್ಳು ಕಿತ್ತು ಒಗೆದ. ಧೂಳನ್ನು ಒರೆಸಲು ವೇಳೆ ಇರಲಿಲ್ಲ.

ಹನ್ನೆರಡೂವರೆಗೆ ಐದು ನಿಮಿಷವಿರುವಾಗ ಸವದತ್ತಿ ಸ್ಟ್ಯಾಂಡಿನಲ್ಲಿ ಅಮೋಘಸಿದ್ದಪ್ಪನ ಚಹಾದಂಗಡಿಯ ಮುಂದೆ ನಿಂತ.

"ಇವತ್ತ ನಿಮ್ಮ ಕಡಿಂದ ಬಂದವರೆಲ್ಲಾ ಹಿಂಗ ಧೂಳಾ ಹೊತಗೊಂಡ ಬರಾಕತ್ತಾರ ನೋಡು," ಎಂದು ಅಮೋಘಸಿದ್ದಪ್ಪ ಚಹಾದ ಕಪ್ಪು-ಬಸಿ ಮುಂದೆ ಇಟ್ಟ. "ನೀ ಒಬ್ಬನ ಟೈಮಕ್ಕ ಬಂದಿ. ಹಾದಿ ಹೆಂಗಿತ್ತೋ?"

"ಯಾವಾಗಿನಂಗ," ಎಂದ ಉಳವಪ್ಪ. ಧೂಳಿಗೆ ತಾನಾಗಿಯೇ ಜೊತೆ ಸಿಕ್ಕಿದ್ದು ಅವನಿಗೆ ಶುಭಶಕುನದಂತೆ ತೋರಿತು. ಬಸಿಯ ಚಹಾ ಒಂದು ಹನಿಯೂ ತುಳುಕಲಿಲ್ಲ.

ನಿಬ್ಬಣವನ್ನು ಬೈಲಹೊಂಗಲಕ್ಕೆ ಮುಟ್ಟಿಸಿ, ಅಲ್ಲಿಂದ ಸಂಪಗಾವಿಗೆ ತಂಗಿಯ ಮನೆಗೆ ಹೋಗಿ ಉಳಿದ. ರಾಮಲಿಂಗಪ್ಪ ಖಣಿಯಲ್ಲಿ ಜಾರಿಬಿದ್ದು ಸತ್ತ ಸುದ್ದಿ ಬುಧವಾರ ಬಂತು. ಶುಕ್ರವಾರ ಹೊತ್ತೇರುವಾಗ ರಾಮದುರ್ಗದ ಫೌಜದಾರ ಒಬ್ಬ ಪೊಲೀಸನನ್ನು ಕರೆದುಕೊಂಡು ಗಂಗಾಳ ಮನೆಯ ಕಟ್ಟೆಗೆ ಬಂದು ಕೂತ.

"ಬಿದ್ದ ಪೆಟ್ಟೋ, ಹೊಡದ ಪೆಟ್ಟೋ ಡಾಕ್ಟರಿಗೆ ಸಂಶೇ ಐತಿ," ಎಂದ ಫೌಜದಾರ. "ಅವನ ಹೇಣ್ತಿ ಗುರವ್ವ ನಿನ್ನ ಹೆಸರ ತಗದಾಳ. ನೀ ಹನ್ನೊಂದಕ್ಕ ರಾಮದುರ್ಗ ಬಿಟ್ಟದ್ದು, ಹನ್ನೆರಡೂವರಿಗೆ ಸವದತ್ತಿ ಮುಟ್ಟಿದ್ದು ಎರಡೂ ಖರೇ ಅದಾವು. ಖಣಿಗೆ ಹೋಗಿ ಬರಾಕ ಟೈಮ ಆಗೂದಿಲ್ಲ. ಗುಡ್ಡಾ ದಾಟಿದ್ರ ಮಾತ್ರ ಆಗತೈತಿ. ಹಿಂದ ಒಮ್ಮೆ ದಾಟೇನಿ ಅಂದಿದ್ಯಂತಲ್ಲ?"

ಈ ಪ್ರಶ್ನೆ ಬರುತ್ತದೆಂದು ಉಳವಪ್ಪನಿಗೆ ಗೊತ್ತಿತ್ತು. ಉತ್ತರವೂ ತಯಾರಿತ್ತು. ನೀರಿನ ತಂಬಿಗೆ ಹಿಡಿದ ಗಂಗಾ ಬಾಗಿಲಲ್ಲಿ ನಿಂತಿರುತ್ತಾಳೆಂದು ಮಾತ್ರ ಗೊತ್ತಿರಲಿಲ್ಲ.

"ಅದು ಸುಳ್ಳರೀ ಸಾಹೇಬ್ರ. ನಾಕ ಮಂದ್ಯಾಗ ದೊಡ್ಡಾಂವ ಆಗಬೇಕಂತ ಸುಳ್ಳ ಹೇಳಿದ್ದೆ."

ಗಂಗಾ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಮದುವೆಯ ದಿನ ಕೇಳದೆ ಉಳಿದ ಮಾತಿಗೆ ಅವಳಿಗೆ ಉತ್ತರ ಸಿಕ್ಕಿತ್ತು.

ಅವಳು ಹೋದ ಬಾಗಿಲಿನಿಂದ ಕಣ್ಣು ಕಿತ್ತು ಉಳವಪ್ಪ ಮಾತಿಗೆ ಮಾತು ಸೇರಿಸಿದ. "ರಸ್ತಾ ಹಿಡದ ಬಂದೇನ್ರಿ. ಮುತ್ತಲಗಟ್ಟ್ಯಾಗ ಗಾಡಿ ಕಾದಿತ್ತು, ಗಿರಣಿ ಮುಂದಿನ ಬೇವಿನ ಗಿಡದ ನೆರಳಿಗೆ ಹತ್ತ ನಿಮಿಷ ನಿಂತೆ. ಗಿರಣಿ ಬಡ್ಯಾಕತ್ತಿತ್ತು, ಅದರ ಸಪ್ಪಳದಾಗ ನನ್ನ ಇಂಜಿನ್ ಬಂದ್ ಆಗಿದ್ದ ನನಗ ತಿಳೀಲಿಲ್ಲ. ಹಸೇ ಜ್ವಾಳದ ಹಿಟ್ಟಿನ ವಾಸನಿ ಬರತಿತ್ತರಿ, ಹಸಿವಿ ಆತು." ಕೇಳಲು ಚೆನ್ನಾಗಿತ್ತು. ಫೌಜದಾರ ತಲೆಯಾಡಿಸಿ ಏಳಲು ಟೊಪ್ಪಿಗೆ ಕೈಗೆ ತೆಗೆದುಕೊಂಡ.

ಬರೆದುಕೊಳ್ಳುತ್ತಿದ್ದ ಪೊಲೀಸ ಮಡಿವಾಳೆಪ್ಪನ ಪೆನ್ನು ನಿಂತಿತು. "ಸಾಹೇಬ್ರ, ಮುತ್ತಲಗಟ್ಟಿ ನಮ್ಮೂರ," ಎಂದ, ಅನುಮಾನಿಸುತ್ತಲೇ. "ಮಂಗಳವಾರ ದ್ಯಾಮವ್ವನ ಹೊರಬೀಡ ಇತ್ತರಿ. ಹೊತ್ತ ಹುಟ್ಟೂ ಮದ್ಲ ಮನಿ ಮನಿಗೆ ಕೀಲಿ ಹಾಕಿ, ದನಾ ಕರಾ ಹೊಡಕೊಂಡು, ಊರಿಗೆ ಊರ ಅಡವಿಗೆ ಹೋಗಿತ್ತು. ಸಂಜೀಕ ದೀಪಾ ಹಚ್ಚೂತನಾ ಊರಾಗ ಒಬ್ಬರ ಇರೂಹಂಗಿಲ್ಲ, ಒಲಿ ಹಚ್ಚೂಹಂಗಿಲ್ಲ, ಬೀಸೂಹಂಗಿಲ್ಲ. ಊರ ಎರಡೂ ಅಗಸಿ ಬಾಗಲಕ್ಕ ಮುಳ್ಳ ಬಡದಿದ್ವಿ, ಬಸ್ಸ ಸುದ್ದಾ ಹೊಲದಾಗಿಂದ ಧೂಳಾ ಎಬಿಸಿಗೊಂತ ಸುತ್ತ ಹಾಕಿ ಹ್ವಾದವು. ಗಿರಣಿ ನಮ್ಮ ಕಾಕಾಂದ್ರಿ. ಅದರ ಕೀಲಿಕೈ ದಿನಾಪೂರಾ ನನ್ನ ಕಿಸೇದಾಗ ಇತ್ತು." ಫೌಜದಾರ ಟೊಪ್ಪಿಗೆಯನ್ನು ಮತ್ತೆ ಕಟ್ಟೆಯ ಮೇಲಿಟ್ಟ. ಉಳವಪ್ಪನ ಕಡೆ ತಿರುಗಿ ಸಾವಕಾಶವಾಗಿ ಕೇಳಿದ: "ಹಂಗಾರ ನೀ ಯಾವ ಹಾದೀಲೆ ಬಂದ್ಯೋ ಉಳವಪ್ಪಾ?" ಯಾರಾದರೂ ಒಬ್ಬರು ಈ ಮಾತನ್ನು ಹೀಗೆ, ನಗದೆ ಕೇಳಲೆಂದು ಅವನು ಆರು ವರ್ಷ ಕಾದಿದ್ದ.