ಎರಡನೆಯ ಜೊತೆ ಕೈಗವಸು

"ಬಿಳಿ ಕೈಗವಸು ಎರಡು ಜೊತೆ ಬೇಕಿತ್ತು. ಒಂದು ಗಂಡಸಿನದು, ಒಂದು ಹೆಂಗಸಿನದು."

ಆ ದನಿ ಕೇಳಿದ್ದೇ ಅವಳ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತು.

ಗಡಿಯಾರ ರಿಪೇರಿಯವನು. ಏಳು ವರ್ಷದ ಮೇಲೆ ಈ ಅಂಗಡಿಯ ಮೆಟ್ಟಿಲು ಹತ್ತಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ಕಣ್ಣು ಮಾತ್ರ ಅವೇ.

'ಈಗ ಯಾಕೆ ಬಂದ...'

ಫ್ರೀಮೇಸನ್ ಎಂಬ ಗುಟ್ಟಿನ ಸಹೋದರ ಸಂಘದವರು ಸಭೆಗೆ ತೊಡುವ ಏಪ್ರನ್, ಕೈಗವಸು ಹೊಲಿಯುವುದು ಅವಳ ಅಪ್ಪನಿಂದ ಬಂದ ಕಸುಬು. ಹೊಸದಾಗಿ ಸೇರುವವನಿಗೆ ಎರಡು ಜೊತೆ ಬೇಕು. ಒಂದು ಅವನಿಗೆ. ಇನ್ನೊಂದು, ಅವನು ಎಲ್ಲರಿಗಿಂತ ಹೆಚ್ಚು ಗೌರವಿಸುವ ಹೆಣ್ಣಿಗೆ.

"ಅಂತೂ ಸೇರ್ಕೊಂಡ್ರಿ," ಎಂದಳು. ನೀನು ಎನ್ನುತ್ತಿದ್ದ ಬಾಯಿ ತಾನಾಗಿ ನೀವು ಎಂದಿತು.

"ಬೇರೆ ಊರಿನ ಸಂಘ. ಮುಂದಿನ ವಾರ."

"ಹೆಂಗಸಿನ ಅಳತೆ?"

ಅವನು ಎಡಗೈ ಚಾಚಿ, ನಡುಬೆರಳಿನ ಮೇಲಿನ ಗೆರೆ ಮುಟ್ಟಿ ತೋರಿಸಿದ. "ಅಂಗೈಗೆ ಅಂಗೈ ಇಟ್ರೆ ಅವಳ ಬೆರಳು ಇಲ್ಲಿಗೆ ಬರುತ್ತೆ. ತೆಳ್ಳನೆ ಬೆರಳು."

ಚರ್ಮಕ್ಕೆ ತಾಕದಂತೆ ಟೇಪು ಹಿಡಿದು ಅಳೆದುಕೊಂಡಳು.

ಅವನು ಹೋದ ಮೇಲೆ, ಇಸ್ತ್ರಿ ಮಾಡುತ್ತಿದ್ದ ಚಿಕ್ಕಮ್ಮ ತಲೆ ಎತ್ತದೆ ಅಂದಳು: "ತೆಳ್ಳನೆ ಬೆರಳಂತೆ. ಪಾತ್ರೆ ತಿಕ್ಕಿದ ಕೈಯಲ್ಲ ಬಿಡು."

ಅವಳು ನಗಲಿಲ್ಲ.

ಏಳು ವರ್ಷದ ಹಿಂದೆ ಅಪ್ಪ ಬದುಕಿದ್ದರು, ಸಂಘದಲ್ಲೂ ಇದ್ದರು. "ಮೊದಲು ಅವನು ನಮ್ಮೊಳಗೊಬ್ಬ ಆಗ್ಲಿ, ಆಮೇಲೆ ಮದುವೆ ಮಾತು," ಎಂದಿದ್ದರು. ಸಂಘದ ಮೂವರು ಅವನನ್ನು ವಿಚಾರಿಸಲು ಹೋದರು. ದೇವರನ್ನ ನಂಬ್ತೀಯಾ ಎಂದು ಕೇಳಿದರು. ನಂಬದವರನ್ನು ಸಂಘ ಸೇರಿಸಿಕೊಳ್ಳುತ್ತಿರಲಿಲ್ಲ.

ಬೇರೆಯವರಾಗಿದ್ದರೆ ಹೌದು ಎಂದು ಟೀ ತರಿಸುತ್ತಿದ್ದರು. ಇವನು, "ನಂಬ್ತೀನಿ. ಆದ್ರೆ ನನ್ನ ದೇವರು ಇನ್ನೂ ಪೂರ್ತಿ ಆಗಿಲ್ಲ. ನಾವು ಮಾಡೋ ಕೆಲಸದಲ್ಲಿ ದಿನಾ ಒಂದಿಷ್ಟು ಆಗ್ತಿದ್ದಾನೆ. ಅವನಿಗೆ ಪ್ರಾರ್ಥನೆಗಿಂತ ನಮ್ಮ ಸಹಾಯ ಬೇಕು," ಎಂದಿದ್ದ.

ಮತ ಹಾಕಿದ ದಿನ ಪೆಟ್ಟಿಗೆಯಲ್ಲಿ ಬಿಳಿ ಗುಂಡುಗಳ ನಡುವೆ ಒಂದು ಕರಿ ಗುಂಡು ಬಂತು. ಒಬ್ಬನನ್ನು ಹೊರಗಿಡಲು ಒಂದು ಸಾಕು. ಯಾರು ಹಾಕಿದರೆಂದು ಕೇಳುವಂತಿಲ್ಲ. ಅಪ್ಪನನ್ನೂ ಅವಳು ಕೇಳಲಿಲ್ಲ.

ಅವನನ್ನು ಮಾತ್ರ ಕೇಳಿದ್ದಳು. "ಹೌದು ಅಂತ ಹೇಳಿ ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನನಗೋಸ್ಕರ ಒಂದು ಸುಳ್ಳು ಹೇಳೋಕಾಗ್ಲಿಲ್ಲ."

"ಸುಳ್ಳು ಹೇಳ್ಕೊಂಡು ನಿಮ್ಮನೆಗೆ ಬರ್ಲಾ?"

"ಹಾಗಾದ್ರೆ ಬರಬೇಡ."

ಅವನು ಬರಲಿಲ್ಲ. ಊರನ್ನೇ ಬಿಟ್ಟ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಬೇಕಾದಷ್ಟು ದಿನಗಳಿದ್ದವು. ತೆಗೆದುಕೊಳ್ಳಲಿಲ್ಲ.

ಚಿಕ್ಕ ಜೊತೆ ಹೊಲಿದು ಮುಗಿದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತನಗೇ ಗೊತ್ತಾಗದ ಹಾಗೆ ಒಂದು ಕೈಗವಸಿಗೆ ಬೆರಳು ತೂರಿಸಿದಳು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಸೂಜಿ ಹಿಡಿದೂ ಹಿಡಿದೂ ಗೆಣ್ಣುಗಳು ಊದಿಕೊಂಡಿದ್ದವು.

'ಯಾರೋ ಚಿಕ್ಕ ವಯಸ್ಸಿನವಳು...'

ತಾನು ಏನನ್ನು ಆಸೆಪಟ್ಟಿದ್ದೆ ಎಂದು ಅವಳಿಗೆ ಆಗಷ್ಟೇ ತಿಳಿಯಿತು. ಕೈಗವಸು ಕಳಚಿ, ಸುಕ್ಕು ಬಿಡಿಸಿ, ಕಾಗದದಲ್ಲಿ ಸುತ್ತಿಟ್ಟಳು.

ಮೂರನೆಯ ದಿನ ಅವನು ಬಂದ.

"ಅವರಿಗೆ ಹಿಡಿಸುತ್ತೆ ಅನ್ಸುತ್ತೆ," ಎಂದಳು. ಆಮೇಲೆ ತಡೆಯಲಾಗಲಿಲ್ಲ. "ಈ ಸಲ ದೇವರ ವಿಷಯ ಏನು ಹೇಳಿದ್ರಿ?"

"ಅದೇ ಹೇಳೋಕೆ ಹೊರಟೆ. ಒಬ್ರು ಮುದುಕರು ಅರ್ಧಕ್ಕೇ ತಡೆದ್ರು. 'ನಂಬ್ತೀಯಾ ಅಂತ ಕೇಳಿದ್ದು ಕಣಪ್ಪ. ಎಂಥ ದೇವರು ಅಂತ ಯಾರು ಕೇಳಿದ್ರು? ಟೀ ಆರ್ತಿದೆ, ಕುಡಿ' ಅಂದ್ರು."

ಅವಳಿಗೆ ನಗು ಬಂತು. ಮರುಗಳಿಗೆಗೆ ಆ ನಗು ಹೋಯಿತು.

"ಅಂದ್ರೆ ಆವತ್ತು..."

"ಆವತ್ತು ಸುಮ್ನೆ ಹೌದು ಅಂದಿದ್ರೂ ಸುಳ್ಳಾಗ್ತಿರಲಿಲ್ಲ. ನಂಬ್ತಿದ್ದೆನಲ್ಲ. ಅವರು ಕೇಳದೇ ಇದ್ದದ್ದನ್ನೂ ನಾನೇ ಹೇಳಿದೆ."

"ನಾನು ಅದನ್ನ ಸುಳ್ಳು ಅಂದೆ. ನಿನ್ನ ನಂಬಿಕೇನ ನಾನೇ ಸುಳ್ಳು ಮಾಡಿದೆ."

ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತ್ತು. ಚಿಕ್ಕಮ್ಮ ಸದ್ದಿಲ್ಲದೆ ಒಳಗೆ ಹೋಗಿದ್ದಳು.

ಅವನು ಕಾಗದ ಬಿಚ್ಚಿ ಚಿಕ್ಕ ಜೊತೆಯನ್ನು ಅವಳ ಕಡೆ ತಳ್ಳಿದ. "ಕೊಡೋದು ಮುಂದಿನ ವಾರ. ಅಳತೆ ಸರೀನಾ ನೋಡು, ಸೂಜಿ."

ಸೂಜಿ. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಇವನೊಬ್ಬನೇ.

ಅವಳು ಮತ್ತೆ ಬೆರಳು ತೂರಿಸಿದಳು. ಮತ್ತೆ ಅಲ್ಲೇ ಸಿಕ್ಕಿಕೊಂಡಿತು.

"ಆಗಿನ ಕೈ ಅಳತೆ ತಂದಿದ್ದೀಯ," ಎಂದಳು.

"ನನಗೆ ನೆನಪಿದ್ದದ್ದು ಆ ಕೈ."

"ಆ ಕೈ ಈಗಿಲ್ಲ."

ಅವನು ಮೇಜಿನ ಮೇಲೆ ಮೊಣಕೈ ಊರಿ ಅಂಗೈ ಎತ್ತಿ ಹಿಡಿದ. ಅವಳು ಕೈಗವಸು ಕಳಚಿ ತನ್ನ ಅಂಗೈ ಅದಕ್ಕೆ ತಾಗಿಸಿದಳು. ಬೆರಳ ತುದಿ ಅದೇ ಗೆರೆಗೆ ಬಂತು.

"ಉದ್ದ ಅಷ್ಟೇ ಇದೆ," ಎಂದ.

"ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿದ್ದೀನಿ. ಬಿಚ್ಚಿ ಅಗಲ ಮಾಡ್ಬಹುದು."

"ತುಂಬ ಹೊತ್ತಾಗುತ್ತಾ?"

ಅವಳು ಸ್ಟೂಲನ್ನು ಅವನ ಕಡೆ ಸರಿಸಿದಳು.

"ಕೂತ್ಕೋ," ಎಂದಳು.