ಜೋಡಿ ತಪ್ಪಿದ ತಂತಿ

"ಅಕ್ಕಾರ, ಇವತ್ತು ನಾಕು ಗಂಟೆಕ್ಕ ನನ್ನ ನೌಕರಿ ಹೋಗ್ತದ. ಅದನ್ನ ಕಳೀಲಿಕತ್ತವ್ರು ನಮ್ಮನ್ಯಾಗೇ ಅದಾರ."

ವಾಡಿಯ ಅನಸುಬಾಯಿಯ ಬಾಗಿಲಲ್ಲಿ ನಿಂತು ಶಿವರಂಜನಿ ಈ ಮಾತು ಹೇಳಿದಾಗ ಮಧ್ಯಾಹ್ನ ಒಂದು ಗಂಟೆ. ಕೈಯಲ್ಲಿ ಬಟ್ಟೆ ತುಂಬಿದ ಚೀಲವಿತ್ತು. ಒಳಗೆ ಕುಳಿತು ಚಹಾ ಕುಡಿಯುತ್ತಿದ್ದ ಜಿಲಾನಿ ಅವಳನ್ನು ಕಂಡೊಡನೆ ಲೋಟ ಕೆಳಗಿಟ್ಟ. ಶಹಾಬಾದಿನ ಅವಳ ಗಂಡನ ಮನೆಗೆ ಇಂಟರ್‌ನೆಟ್ ವೈರು ಎಳೆದವನು ಅವನೇ. ಕಳೆದ ವಾರ ಮೂರು ಸಲ ಹೋಗಿ, ಟೆಸ್ಟರ್ ಹಚ್ಚಿ, "ವೈರಿನಾಗ ಏನೂ ದೋಷ ಇಲ್ಲ" ಎಂದು ಎದೆ ತಟ್ಟಿಕೊಂಡು ಬಂದವನೂ ಅವನೇ.

ಅನಸುಬಾಯಿ ರೈಲ್ವೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಊರಲ್ಲಿ ಏನು ಕಳುವಾದರೂ, ಯಾರ ಮೇಲೆ ಅಪವಾದ ಬಂದರೂ ಜನ ಮೊದಲು ಅವಳ ಕಟ್ಟೆ ಹತ್ತುತ್ತಿದ್ದರು. ಪೊಲೀಸ್ ಠಾಣೆ ಆಮೇಲೆ. ಸಾಮಾನು ಹೊರಲು, ತಪ್ಪು ಊಹೆ ಮಾಡಿ ಬೈಸಿಕೊಳ್ಳಲು ಜಿಲಾನಿ ಸದಾ ಜೊತೆಗಿರುತ್ತಿದ್ದ.

"ಕುಂದ್ರು ತಂಗಿ. ಚೀಲ ಯಾಕ?"

"ತವರಿಗೆ ಹೊಂಟೀನ್ರಿ, ಸೇಡಂಗ. ಗಾಡಿ ಬದಲಿ ಮಾಡ್ಲಿಕ್ಕಂತ ಇಲ್ಲಿ ಇಳಿದಾಗ ನಿಮ್ಮ ನೆನಪಾತು."

ಶಿವರಂಜನಿ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ದೂರದ ಮಕ್ಕಳಿಗೆ ಗಣಿತ ಕಲಿಸುತ್ತಿದ್ದಳು. ಎರಡು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಹತ್ತು ದಿನದಿಂದ ಮಾತ್ರ ಸಂಜೆ ನಾಲ್ಕಕ್ಕೆ ಪಾಠ ಶುರುವಾದ ಐದೇ ನಿಮಿಷಕ್ಕೆ ಚಿತ್ರ ನಿಂತು, ದನಿ ತುಂಡಾಗಿ, ಎಲ್ಲ ಕಡಿದುಹೋಗುತ್ತಿತ್ತು. ಇಂದು ಮೇಲಿನವರು ಅವಳ ಪಾಠವನ್ನು ಕುಳಿತು ನೋಡುವವರಿದ್ದರು. ಇಂದೂ ಕಡಿದರೆ ನೌಕರಿ ಇಲ್ಲವೆಂದು ಕಾಗದ ಬಂದಿತ್ತು.

"ಉಳಿದ ಹೊತ್ತಿನ್ಯಾಗ ಹೆಂಗಿರ್ತದ?"

"ಮೆಸೇಜು, ಈಮೇಲು ಎಲ್ಲಾ ಛಲೋ ಹೋಗ್ತಾವ್ರಿ. ಕ್ಲಾಸಿಗೆ ಕುಂತೆ ಅಂದ್ರ ಕಡೀತದ. ಹೊತ್ತು ನೋಡಿ ಯಾರೋ ವೈರು ಕೀಳ್ತಾರ."

"ಯಾರು?"

ಶಿವರಂಜನಿ ತಲೆ ತಗ್ಗಿಸಿದಳು. "ನಮ್ಮತ್ತಿ. ಸೊಸಿ ಬಾಗಲಾ ಹಾಕ್ಕೊಂಡು ಕುಂದ್ರೂದು ಮನಿಗೆ ಶೋಭಾ ಅಲ್ಲಂತ ದಿನಾ ಅಂತಾರ."

ಅನಸುಬಾಯಿ ಚಪ್ಪಲಿ ಮೆಟ್ಟಿದಳು. "ಜಿಲಾನಿ, ಆಟೋ ಕರಿ."

ಶಹಾಬಾದ್ ಮುಟ್ಟಿದಾಗ ಎರಡೂವರೆ. ಹಾಸುಗಲ್ಲಿನಲ್ಲಿ ಕಟ್ಟಿದ ಆ ಮನೆಯ ಗೋಡೆಗಳು ಎರಡು ಮೊಳ ದಪ್ಪ. ವೈಫೈ ಒಂದು ಗೋಡೆಯನ್ನೂ ದಾಟುತ್ತಿರಲಿಲ್ಲ, ಮೊಬೈಲಿನ ಸಿಗ್ನಲ್ ಅಂಗಳದಲ್ಲೇ ಉಳಿಯುತ್ತಿತ್ತು. ಅದಕ್ಕೇ ಪಡಸಾಲೆಯ ನೆಟ್ ಡಬ್ಬಿಯಿಂದ ಹೊರಗೋಡೆ ಸುತ್ತಿಸಿ, ನಲವತ್ತು ಮೀಟರ್ ವೈರನ್ನು ಜಿಲಾನಿ ಹಿಂದಿನ ಕೋಣೆಗೆ ಒಯ್ದಿದ್ದ.

ಪಡಸಾಲೆಯಲ್ಲಿ ಅತ್ತೆ ಮಹಾದೇವಮ್ಮ ಸೊಸೆಯ ಚೀಲವನ್ನು ನೋಡಿ ಮುಖ ತಿರುಗಿಸಿದಳು. ಮಾವ ಸಂಗಮೇಶ್ವರ ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಸೌಮ್ಯ ಮನುಷ್ಯ. "ಬರ್ರಿ, ಕುಂದ್ರಿ" ಎಂದು ಕುರ್ಚಿ ಎಳೆದರು. ಶಿವರಂಜನಿಯ ಗಂಡ ಸಂತೋಷಕುಮಾರ ಚಿಂಚೋಳಿಯ ಕಚೇರಿಯಲ್ಲಿದ್ದ. ಹಗಲು ಮನೆಯಲ್ಲಿರುವವರು ಅತ್ತೆ, ಮಾವ, ಸೊಸೆ ಮೂವರೇ.

ಜಿಲಾನಿ ವೈರಿನ ಎರಡು ತುದಿಗೂ ಟೆಸ್ಟರ್ ಸಿಕ್ಕಿಸಿದ. ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಸಾಲಾಗಿ ಹತ್ತಿದವು. ಹೇಳಿದ್ದೆನಲ್ಲ ಎಂಬಂತೆ ಅವನು ಅನಸುಬಾಯಿಯ ಕಡೆ ನೋಡಿದ.

"ನಾಕೂ ಜೋಡಿ ಛಲೋ ಅವ," ಎಂದರು ಸಂಗಮೇಶ್ವರ. "ವೈರಿನಾಗ ತಪ್ಪಿಲ್ಲ ಬಿಡ್ರಿ."

ಅನಸುಬಾಯಿ ಅವರ ಕಡೆ ನೋಡಿ, ನೆಟ್ ಡಬ್ಬಿಯ ಕೆಳಗಿನ ಮೇಜಿನ ಖಾನೆ ಎಳೆದಳು. ತುರ್ತಿಗೆ ಬೇಕಾದೀತೆಂದು ಜಿಲಾನಿ ಅಲ್ಲಿ ಒಂದು ಹಳೆಯ ಇಕ್ಕಳವನ್ನೂ, ವೈರಿನ ತುದಿಗೆ ಹಾಕುವ ಹತ್ತು ಕನೆಕ್ಟರುಗಳನ್ನೂ ಇಟ್ಟಿದ್ದ. ಈಗ ಎಂಟೇ ಇದ್ದವು. ಪಕ್ಕದ ಕಬ್ಬಿಣದ ಕಪಾಟಿನ ಕಾಲಡಿಯ ಹಾಸುಗಲ್ಲಿನ ಮೇಲೆ ಹೊಸದಾಗಿ ಗೀಚಿದ ಬಿಳಿ ಗೆರೆ ಕಾಣುತ್ತಿತ್ತು.

"ಕಪಾಟು ಯಾವಾಗ ಸರಿಸಿದ್ರಿ?"

"ಹತ್ತು ಹನ್ನೆರಡು ದಿನ ಆತು," ಎಂದಳು ಶಿವರಂಜನಿ. "ನಾ ಎರಡು ದಿನ ಸೇಡಂಗ ಹೋಗಿದ್ದೆ, ಆವಾಗ."

ಮಹಾದೇವಮ್ಮ ದಡಕ್ಕನೆ ಎದ್ದಳು. "ಇದೆಲ್ಲಾ ಯಾಕ ಬೇಕ್ರಿ? ನಾನೇ ಕಿತ್ತೀನಿ. ದಿನಾ ನಾನೇ ಕಿತ್ತೀನಿ. ಆತಿಲ್ಲ?"

"ನೋಡ್ರಿ!" ಎಂದ ಜಿಲಾನಿ. ಅವನ ಮಟ್ಟಿಗೆ ಪ್ರಕರಣ ಮುಗಿದಿತ್ತು. ಶಿವರಂಜನಿಯ ಕಣ್ಣುಗಳು ತುಂಬಿ ಬಂದವು. ಗೋಡೆಯ ಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು.

"ಯಾವ ತುದಿ ಕಿತ್ತೀರಿ, ತಾಯಿ?" ಅನಸುಬಾಯಿ ಮೆಲ್ಲಗೆ ಕೇಳಿದಳು. ಮಹಾದೇವಮ್ಮ ಒಮ್ಮೆ ಕಪಾಟಿನ ಕಡೆ, ಒಮ್ಮೆ ಗಂಡನ ಕಡೆ ನೋಡಿದಳು. "ಎಲ್ಲಾರೂ ಇಲ್ಲೇ ಕುಂದ್ರಿ. ಇನ್ನ ಒಂದೇ ತಾಸು ಅದ," ಎಂದಳು ಅನಸುಬಾಯಿ.

ನಾಲ್ವರೂ ಕುಳಿತರು.

"ಕೆಡಿಸಬೇಕನ್ನೋವ್ರು ವೈರು ಕಡೀತಾರ, ಇಲ್ಲಾ ಕೀಳ್ತಾರ. ಹೊಸಾ ಕನೆಕ್ಟರ್ ಹಾಕಂಗಿಲ್ಲ. ಇಲ್ಲಿ ಎರಡು ಕಡಿಮಿ ಅವ. ಅಂದ್ರ ವೈರಿಗೆ ಎರಡು ತುದಿ, ಎರಡೂ ಬದಲಿ ಆಗ್ಯಾವ. ಇದು ಕೆಡಿಸಿದವರ ಕೆಲಸ ಅಲ್ಲ, ರಿಪೇರಿ ಮಾಡಿದವರದು." ಅನಸುಬಾಯಿ ಸಂಗಮೇಶ್ವರರ ಕಡೆ ತಿರುಗಿದಳು. "ಅಣ್ಣಾರ, ಕೇಬಲ್ಲಿನ ಬಣ್ಣಾ ಸಾಲಾಗಿ ಹೇಳ್ರಿ ನೋಡಮು."

"ನೀಲಿ, ಆರೆಂಜ್, ಹಸರು, ಬ್ರೌನ್," ಎಂದರು ಅವರು, ಉಸಿರಾಡಿದಷ್ಟು ಸಲೀಸಾಗಿ.

"ಜಿಲಾನಿ, ಆ ಕನೆಕ್ಟರಿನ ಟೋಪಿ ಸರಿಸು."

ಜಿಲಾನಿ ಕಪ್ಪು ರಬ್ಬರ್ ಟೋಪಿಯನ್ನು ಹಿಂದಕ್ಕೆ ಎಳೆದ. ಒಳಗೆ ತಂತಿಗಳು ಅದೇ ಸಾಲಿನಲ್ಲಿ ಕುಳಿತಿದ್ದವು: ನೀಲಿಯ ಜೋಡಿ, ಆರೆಂಜ್ ಜೋಡಿ, ಹಸಿರಿನ ಜೋಡಿ, ಬ್ರೌನ್ ಜೋಡಿ. ಅದು ಅವನ ಕೈಯ ಕೆಲಸವಲ್ಲ. ಮೂರು ಸಲ ದೀಪ ನೋಡಿದವನು ಒಂದು ಸಲವೂ ಟೋಪಿ ಸರಿಸಿರಲಿಲ್ಲ.

"ನೆಟ್ ಹುಡುಗರು ಎಂಟು ವೈರು ಅಂತಾರ. ನಾಕು ಜೋಡಿ ಅನ್ನೋರು ಫೋನಿನ ಮಂದಿ, ನನ್ನಂಥವ್ರು. ಕಾರ್ಖಾನಿ ಎಕ್ಸ್‌ಚೇಂಜಿನಾಗ ಎಷ್ಟು ವರ್ಷ ಇದ್ರಿ?"

"ಮೂವತ್ತಾರು," ಎಂದರು ಸಂಗಮೇಶ್ವರ. "ಕಪಾಟು ಸರಿಸುವಾಗ ಅದರ ಕಾಲು ಮ್ಯಾಲ ಬಿದ್ದು ಕನೆಕ್ಟರ್ ಒಡೀತು. ನನಗ ಬರೂ ಕೆಲಸಾನೇ ಅಂತ ಕಟ್ಟಿದೆ. ಎರಡೂ ಕಡಿ ಒಂದೇ ಥರಾ ಇರಬೇಕಂತ ಆ ತುದಿನೂ ಕಟ್ಟಿದೆ. ದೀಪ ಎಲ್ಲಾ ಹತ್ತ್ಯಾವಲ್ರೀ?"

"ಹತ್ತತಾವ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದ್ರ ದೀಪಕ್ಕ ಸಾಕು. ಆದ್ರ ನೆಟ್ಟಿಗೆ ಒಂದೂ ಎರಡೂ ಒಂದು ಜೋಡಿ, ಮೂರೂ ಆರೂ ಇನ್ನೊಂದು. ನಿಮ್ಮ ಸಾಲಿನ್ಯಾಗ ಮೂರಕ್ಕ ಆರೆಂಜ್ ಬಂತು, ಆರಕ್ಕ ಹಸರು. ಒಂದಕ್ಕೊಂದು ಹೆಣೆದ ತಂತಿ ಅಲ್ಲ ಅವು. ಜೋಡಿ ತಪ್ಪಿದ್ರ ಪಕ್ಕದ ತಂತಿ ಗದ್ದಲೆಲ್ಲಾ ಒಳಗ ಬರ್ತದ. ಮೆಸೇಜಿನಂಥಾ ಹಗುರ ಕೆಲಸ ಹೆಂಗೋ ಸಾಗ್ತದ, ವಿಡಿಯೊದ ಭಾರ ಬಿತ್ತಂದ್ರ ಕಡೀತದ. ನಾಕು ಗಂಟೆಕ್ಕ ಯಾರೂ ಬಂದು ವೈರು ಕೀಳ್ತಿರಲಿಲ್ಲ. ನಾಕು ಗಂಟೆಕ್ಕ ಭಾರ ಬೀಳ್ತಿತ್ತು, ಅಷ್ಟ."

"ಮಾವಾರ, ಒಂದು ಮಾತು ಹೇಳಬಾರದಿತ್ತಾ?" ಶಿವರಂಜನಿಯ ದನಿಯಲ್ಲಿ ಸಿಟ್ಟೂ ಅಳುವೂ ಕೂಡಿದ್ದವು.

ಸಂಗಮೇಶ್ವರ ಹೆಂಡತಿಯ ಕಡೆ ನೋಡಿದರು. "ನಾ ಕಟ್ಟಿದ ಜೋಡಿ ತಪ್ಪಾಗ್ತದಂತ ನನಗ ಅನಿಸಲೇ ಇಲ್ಲವಾ. ಮತ್ತ ಯಾರು ಅಂದ್ರ, ಇಕಿನೇ ಕೀಳ್ತಿರಬೇಕು ಅನ್ಕೊಂಡೆ. ವೈರಿನ ಮಾತು ಎತ್ತಿದ್ರ ಯಾರು ಕಿತ್ತಾರ ಅನ್ನೂದು ಬಂದು ಇಕಿ ಸಿಕ್ಕೊಂತಾಳಂತ ಸುಮ್ಮನಿದ್ದೆ."

"ಖರೇ ಅಂತೀರಾ?" ಮಹಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಪಾಟಿನ ಹಿಂದ ಕುಂತು ನೀವು ಕಟ್ಟೂದು ನಾ ನೋಡೀನಿ. ಲೈನಿನ ಕೆಲಸದಾಗ ನಿಮ್ಮ ಹೆಸರು ಕೆಡಬಾರ್ದಂತ ಎಲ್ಲಾ ನಾ ಹೊತ್ಕೊಂಡೆ."

ಗಡಿಯಾರದಲ್ಲಿ ಮೂರೂ ಇಪ್ಪತ್ತೈದು.

ಅನಸುಬಾಯಿ ಇಕ್ಕಳವನ್ನು ಜಿಲಾನಿಗೆ ಕೊಡಲಿಲ್ಲ, ಸಂಗಮೇಶ್ವರರ ಅಂಗೈಯಲ್ಲಿಟ್ಟಳು. "ನೀವೇ ಕಟ್ರಿ. ಇವ ಬಣ್ಣಾ ಹೇಳ್ತಾನ."

ಜಿಲಾನಿ ಒಂದೊಂದೇ ಬಣ್ಣ ಹೇಳಿದ, ಮುದುಕರು ಒಂದೊಂದೇ ತಂತಿ ಕೂಡಿಸಿದರು. ಮೊದಲನೆಯದು ಹಾಳಾಯಿತು. ಎರಡನೆಯದು ಕುಳಿತಿತು. ಆಮೇಲೆ ಜಿಲಾನಿ ಇಕ್ಕಳ ಹಿಡಿದು ಓಡಿಹೋಗಿ ಕೋಣೆಯ ತುದಿಯನ್ನು ತಾನೇ ಕಟ್ಟಿದ. ಈ ಸಲ ಟೋಪಿ ಹಾಕುವ ಮೊದಲು ಎರಡು ಬಾರಿ ನೋಡಿದ.

ನಾಲ್ಕಕ್ಕೆ ಎರಡು ನಿಮಿಷವಿತ್ತು. ಶಿವರಂಜನಿ ಅತ್ತೆಯ ಮುಂದೆ ನಿಂತಳು. "ಅತ್ತಿ, ನಾ ನಿಮ್ಮನ್ನ..."

"ಮೊದಲ ಒಳಗ ಹೋಗು. ಹುಡುಗೂರು ದಾರಿ ಕಾಯ್ಲಿಕತ್ತಾವ."

ಪಾಠ ಶುರುವಾಯಿತು. ಐದನೆಯ ನಿಮಿಷಕ್ಕೆ ಜಿಲಾನಿ ಗಡಿಯಾರ ನೋಡಿದ. ಆರಾಯಿತು, ಹತ್ತಾಯಿತು. ಶಿವರಂಜನಿಯ ದನಿ ಒಂದು ಕಡೆಯೂ ತುಂಡಾಗದೆ ಭಿನ್ನರಾಶಿಯನ್ನು ಬಿಡಿಸುತ್ತ ಹೋಯಿತು. ಆಗ ಓಣಿಯಲ್ಲಿ ಯಾರೋ ಟ್ರ್ಯಾಕ್ಟರಿನ ಹಾರ್ನ್ ಒತ್ತಿದರು.

ಮಹಾದೇವಮ್ಮ ಎದ್ದಳು. ಬಾಗಿಲಲ್ಲಿ ಬಿದ್ದಿದ್ದ ಬಟ್ಟೆಯ ಚೀಲವನ್ನು ಎತ್ತಿ ಕಪಾಟಿನೊಳಗಿಟ್ಟಳು. ಆಮೇಲೆ ಸೊಸೆಯ ಕೋಣೆಗೆ ಹೋಗಿ, ಸದ್ದಾಗದ ಹಾಗೆ ತನ್ನ ಕೈಯಾರೆ ಬಾಗಿಲು ಮುಚ್ಚಿದಳು.